ಎರಡನೆಯ ತಿರುವಿನ ಕೆಂಪು ಪೀಪಾಯಿ

ಸಮವಸ್ತ್ರ ಹೊಲಿಯುವ ಕಾರ್ಖಾನೆ ಶನಿವಾರ ಒಂದು ಗಂಟೆಗೇ ಮುಚ್ಚುತ್ತದೆ. ಅಲ್ಲಿ ಬಟ್ಟೆ ಕತ್ತರಿಸುವ ಮಾಸ್ಟರಮ್ಮ ಕತ್ತರಿಗೆ ಮೆತ್ತನೆಯ ಬಟ್ಟೆ ಸುತ್ತಿಟ್ಟು, ಮೇಜಿನ ಮೇಲಿನ ಚೂರುಗಳನ್ನು ಗುಡಿಸಿ, ಚೀಲ ಹೆಗಲಿಗೇರಿಸಿಕೊಂಡು ಮನೆಗೆ ಬಂದಾಗ ಒಂದೂವರೆಯಾಗಿತ್ತು. ಮೆಟ್ಟಿಲು ಹತ್ತುತ್ತಿರುವಾಗಲೇ ಮೇಲಿನಿಂದ ಗಂಡನ ದನಿ ಕೇಳಿಸಿತು.

"ಲೋ, ಖಂಡಿತ ನೀನೇ ಮುಟ್ಟಿದೀಯ. ಗುರುವಾರ ಇಲ್ಲಿ ಬಂದು ಕೂತು ಟಕಟಕ ಅಂತ ಒತ್ತಿದ್ದು ಯಾರು?"

"ಅಣ್ಣಾ, ನಾನು ನಾಳೆ ಬಿಸಿಲು ಬರುತ್ತಾ ಅಂತ ನೋಡಿದೆ, ಅಷ್ಟೆ. ಬಿಸಿಲು ನೋಡಿದ್ರೆ ಹಡಗು ಮುಳುಗುತ್ತಾ?"

"ಮುಳುಗಿಲ್ಲ! ಮರಳಿಗೆ ಕೂತಿದೆ. ಎರಡಕ್ಕೂ ವ್ಯತ್ಯಾಸ ಗೊತ್ತಿಲ್ದೋನು ಮೌಸ್ ಮುಟ್ಟಬಾರದು."

ಮಾಸ್ಟರಮ್ಮ ಚೀಲ ಇಳಿಸಿ ಹಿಂದಿನ ಕೋಣೆಯ ಬಾಗಿಲಲ್ಲಿ ನಿಂತರು. ಕಂಪ್ಯೂಟರಿನ ಎದುರು ಗಂಡ. ಪಕ್ಕದಲ್ಲಿ, ತಪ್ಪಿತಸ್ಥನ ಹಾಗೆ ಎರಡೂ ಕೈ ಮಡಿಲಲ್ಲಿಟ್ಟುಕೊಂಡು ಕೂತಿದ್ದ ಮೈದುನ. ಅವನು ಕೆಳಗಿನ ಮನೆಯಲ್ಲೇ ಇರುವವನು, ಶಾಲೆಯೊಂದರಲ್ಲಿ ಗುಮಾಸ್ತನಾಗಿದ್ದು ನಿವೃತ್ತನಾದವನು. ಮೇಲಿನ ಮನೆಯ ಪ್ರತಿಯೊಂದು ವಿಷಯದಲ್ಲೂ ಮೂಗು ತೂರಿಸದಿದ್ದರೆ ಅವನಿಗೆ ತಿಂದ ಅನ್ನ ಮೈಗೆ ಹತ್ತುವುದಿಲ್ಲ. ಆದರೂ ಒಳ್ಳೆಯವನು. ಅಣ್ಣನ ಮಾತ್ರೆ ಮುಗಿಯುವ ದಿನ ಅಣ್ಣನಿಗಿಂತ ಮೊದಲು ಅವನಿಗೇ ನೆನಪಾಗುತ್ತಿತ್ತು.

ಗಂಡನನ್ನು ಬೀದಿಯವರೆಲ್ಲ ಪೈಲಟ್ ಎಂದೇ ಕರೆಯುತ್ತಿದ್ದರು. ವಿಮಾನದ ಪೈಲಟ್ ಅಲ್ಲ, ಬಂದರಿನ ಪೈಲಟ್. ಹೊರಗಿನಿಂದ ಬಂದ ದೊಡ್ಡ ಹಡಗಿಗೆ ಬಂದರಿನ ಒಳದಾರಿ ಗೊತ್ತಿರುವುದಿಲ್ಲ. ಎಲ್ಲಿ ಆಳ, ಎಲ್ಲಿ ಮರಳು, ಎಲ್ಲಿ ನೀರು ಎಳೆಯುತ್ತದೆ ಎಂದು ಬಲ್ಲವನೊಬ್ಬ ಸಣ್ಣ ದೋಣಿಯಲ್ಲಿ ಹೋಗಿ, ಹಗ್ಗದ ಏಣಿ ಹತ್ತಿ, ಕಪ್ತಾನನ ಪಕ್ಕ ನಿಂತು ಹಡಗನ್ನು ಧಕ್ಕೆಗೆ, ಅಂದರೆ ಸರಕು ಇಳಿಸುವ ಕಟ್ಟೆಗೆ, ತರಬೇಕು. ಇಪ್ಪತ್ತಾರು ವರ್ಷ ಅದೇ ಕೆಲಸ ಮಾಡಿದವರು, ಐದು ವರ್ಷದ ಹಿಂದೆ ಏಣಿಯ ಮೇಲೆ ಜಾರಿ ಮಂಡಿ ಒಡೆದುಕೊಂಡು ಮನೆ ಸೇರಿದರು. ಮನೆಯಲ್ಲಿ ಬಾಲ ಸುಟ್ಟ ಬೆಕ್ಕಿನಂತೆ ಓಡಾಡುವ ಅಪ್ಪನನ್ನು ನೋಡಲಾರದೆ ಮಗಳು ಒಂದು ಕಂಪ್ಯೂಟರ್ ಆಟ ತಂದುಕೊಟ್ಟಳು. ಹಡಗು ನಡೆಸುವ ಆಟ. ಅದರಲ್ಲಿ ನಮ್ಮದೇ ಬಂದರನ್ನು ಕಟ್ಟಿಕೊಳ್ಳಲೂಬಹುದಿತ್ತು. ಪೈಲಟ್ ಮೊದಲ ವರ್ಷವೆಲ್ಲ ಕೂತು ತಾವು ಕೆಲಸ ಮಾಡಿದ ಬಂದರನ್ನೇ ಕಟ್ಟಿದರು. ಅಲೆತಡೆಯ ಗೋಡೆ, ಅದರ ತುದಿಯ ದೀಪ, ಗೋಧಿ ಇಳಿಸುವ ಧಕ್ಕೆ, ನೀರಿನ ಮೇಲೆ ತೇಲುತ್ತ ದಾರಿ ತೋರಿಸುವ ಕೆಂಪು ಹಸಿರು ಪೀಪಾಯಿಗಳು. ಆಮೇಲಿನ ನಾಲ್ಕು ವರ್ಷ ಅದರಲ್ಲಿ ಹಡಗು ಓಡಿಸಿದರು.

ಈಗ ಆ ಬಂದರಿಗೆ ಬೇಡಿಕೆ ಬಂದಿತ್ತು. ಪೈಲಟುಗಳಿಗೆ ತರಬೇತಿ ಕೊಡುವ ಶಾಲೆಯ ಮೇಡಮ್ ಫೋನು ಮಾಡಿದ್ದರು. ಒಂದು ಕಾಲದಲ್ಲಿ ಪೈಲಟ್ ಕೈಕೆಳಗೇ ಕಲಿತ ಹುಡುಗಿ, ಈಗ ಅವರೇ ಕಲಿಸುತ್ತಾರೆ. "ಸರ್, ನೀವು ಕಟ್ಟಿದ ಬಂದರು ಸರಿಯಾಗಿದ್ರೆ ಪಾಠಕ್ಕೆ ಇಟ್ಕೋತೀವಿ, ಕಲಿಸೋಕೆ ನೀವೇ ಬರಬೇಕು. ಇಲ್ಲಾಂದ್ರೆ ಬೇರೆ ಯಾವುದೋ ಊರಿನ ಸಿದ್ಧ ಬಂದರು ತರಿಸೋದು ಅಂತ ಆಫೀಸಿನವರು ಹೇಳ್ತಿದಾರೆ. ಸೋಮವಾರ ಹತ್ತು ಗಂಟೆಗೆ ಬರ್ತೀನಿ. ಸಿನಾರಿಯೋ ಫೈಲ್ ರೆಡಿ ಇಟ್ಕೊಳ್ಳಿ," ಎಂದಿದ್ದರು. ಅಂದಿನಿಂದ ಪೈಲಟ್ ದಿನಾ ಗಡ್ಡ ಹೆರೆದುಕೊಳ್ಳುತ್ತಿದ್ದರು. ಐದು ವರ್ಷದಲ್ಲಿ ಇಷ್ಟು ನುಣ್ಣಗಿನ ಕೆನ್ನೆಯನ್ನು ಮಾಸ್ಟರಮ್ಮ ನೋಡಿರಲಿಲ್ಲ.

"ಏನಾಯ್ತು ಈಗ?" ಎಂದರು ಮಾಸ್ಟರಮ್ಮ.

"ಮೇಡಮ್ ಮಾಡೋ ಹಾಗೇ ಮೊದಲಿಂದ ತೆರೆದು ನೋಡೋಣ ಅಂತ ಇವತ್ತು ಸಿನಾರಿಯೋ ತೆರೆದೆ. ನೋಡು, ದೀಪ ಹಸಿರಿರಬೇಕಾದಲ್ಲಿ ಬಿಳಿ. ಗೋಧಿ ಧಕ್ಕೆ ಹತ್ರ ಆಳವೇ ಇಲ್ಲ. ಎರಡನೇ ತಿರುವಲ್ಲಿ ಹಡಗು ಹೋಗಿ ಮರಳಿಗೆ ಕೂತಿದೆ. ಎಲ್ಲಾ ನಾನು ಯಾವತ್ತೋ ಸರಿ ಮಾಡಿದ್ದು! ಇವನು ಏನೋ ಒತ್ತಿ ಕೆಡಿಸಿದಾನೆ."

"ಅತ್ತಿಗೆ, ನೀವಾದ್ರೂ ಹೇಳಿ. ನನ್ನ ಬೆರಳಿಗೆ ಅಷ್ಟು ಶಕ್ತಿ ಇದ್ಯಾ?"

"ಮೊದಲು ಊಟ ಮಾಡೋಣ," ಎಂದರು ಮಾಸ್ಟರಮ್ಮ. "ಆಮೇಲೆ ನಂಗೂ ಒಂದು ಕುರ್ಚಿ ಬಿಡಿ."

ಊಟವಾದ ಮೇಲೆ ಕನ್ನಡಕ ಒರೆಸಿಕೊಂಡು ಕೂತರು. ಇದುವರೆಗೆ ಆ ಆಟದತ್ತ ಅವರು ತಲೆ ಹಾಕಿದವರಲ್ಲ. ಆದರೆ ಮೂವತ್ತು ವರ್ಷ ಪ್ಯಾಟರ್ನ್ ಕತ್ತರಿಸಿದವರಿಗೆ ಒಂದು ಧೈರ್ಯವಿರುತ್ತದೆ: ಯಾವುದೇ ವಸ್ತುವನ್ನು ಬಿಚ್ಚಿ ಹಾಸಿದರೆ ಅದು ಹೇಗೆ ಕೂಡಿಕೊಂಡಿದೆ ಎಂದು ಗೊತ್ತಾಗಿಯೇ ತೀರುತ್ತದೆ.

"ಈ ಬಂದರು ಎಲ್ಲಿಟ್ಟಿದೀರಿ, ತೋರಿಸಿ."

ಪೈಲಟ್ ಒಂದು ಫೋಲ್ಡರ್ ತೆರೆದರು. ನೂರ ಎಂಬತ್ತೇಳು ಫೈಲುಗಳು. ಹೆಸರುಗಳೋ, ನೋಡಿದರೆ ನಗು ಬರಬೇಕು. 'ಗೋಧಿ ಹಡಗು ಗಾಳಿ ಜೋರು', 'ಗೋಧಿ ಹಡಗು ಗಾಳಿ ಇನ್ನೂ ಜೋರು', 'ಕೊನೇದು', 'ನಿಜವಾಗ್ಲೂ ಕೊನೇದು', 'ಊಟಕ್ಕೆ ಕರೆದಳು'.

"ಈ 'ಊಟಕ್ಕೆ ಕರೆದಳು' ಏನು?"

"ನೀನು ಕರೆದೆ. ಅಲ್ಲಿಗೆ ನಿಲ್ಲಿಸಿ ಸೇವ್ ಮಾಡಿದೆ."

"ಅದನ್ನೂ ದಾಖಲೆ ಮಾಡಿದೀರಿ! 'ಊಟಕ್ಕೆ ಕರೆದಳು ಎರಡು' ಅಂತಾನೂ ಇದೆ."

"ಎರಡನೇ ಸಲ ಕರೆದೆ."

ಮೈದುನ ನಕ್ಕ. ಮಾಸ್ಟರಮ್ಮ ಪರದೆಗೆ ಮುಖ ಹತ್ತಿರ ತಂದರು. ಪ್ರತಿ ಹೆಸರಿನ ಬಾಲದಲ್ಲಿ ಒಂದು ಚುಕ್ಕೆ, ಚುಕ್ಕೆಯ ನಂತರ ಮೂರಕ್ಷರ. ನೂರ ಎಂಬತ್ತನಾಲ್ಕರ ಬಾಲ ಒಂದೇ ತರಹ, ಮೂರರದ್ದು ಮಾತ್ರ ಬೇರೆ. ಬೇರೆ ಬಾಲದ ಮೂರರಲ್ಲಿ ಒಂದು ಆಟದ ಜೊತೆ ಬಂದ ಮಾದರಿ, ಇನ್ನೊಂದು 'ಬಂದರು ಹಳೆಯದು', ಮೂರನೆಯದು ಬರೀ 'ಬಂದರು'.

"ಈ ಮೂರು ಯಾಕೆ ಬೇರೆ?"

"ಅವು ಸಿನಾರಿಯೋ. ಉಳಿದವು ಸೇವ್. ಎಲ್ಲಾ ಒಂದೇ, ನನ್ನ ಬಂದರೇ."

"ಒಂದೇ ಆಗಿದ್ರೆ ಎರಡು ಬಾಲ ಯಾಕೆ ಇಡ್ತಿದ್ರು ರೀ? ಕೆಲಸವಿಲ್ದೋರಾ ಅವರು?"

ಮಾಸ್ಟರಮ್ಮ 'ಬಂದರು' ತೆರೆಸಿದರು. ಬೆಳಗಿನ ಎಂಟು ಗಂಟೆ. ಹಡಗು ಅಲೆತಡೆಯ ಗೋಡೆಯ ಹೊರಗೆ ನಿಂತಿದೆ. ಗಾಳಿಯಿಲ್ಲ. ಹಡಗನ್ನು ಸ್ವಲ್ಪ ದೂರ ನಡೆಸಿ ಮುಚ್ಚಿಸಿದರು. ಮತ್ತೆ ತೆರೆಸಿದರು. ಮತ್ತೆ ಎಂಟು ಗಂಟೆ, ಮತ್ತೆ ಗೋಡೆಯ ಹೊರಗೆ. ಆಮೇಲೆ 'ಗೋಧಿ ಹಡಗು ಗಾಳಿ ಜೋರು' ತೆರೆಸಿದರು. ಅದರಲ್ಲಿ ಹನ್ನೊಂದೂ ನಲವತ್ತು. ಹಡಗು ಆಗಲೇ ಅರ್ಧ ದಾರಿಯಲ್ಲಿದೆ, ಬದಿಗೆ ಹಡಗನ್ನು ಎಳೆಯುವ ಟಗ್ ದೋಣಿ ಹಗ್ಗ ಹಿಡಿದಿದೆ, ಗೋಡೆಯ ತುದಿಯ ದೀಪ ಹಸಿರು.

"ಇದ್ರಲ್ಲಿ ದೀಪ ಸರಿ ಇದೆಯಲ್ಲ," ಎಂದ ಮೈದುನ.

"ಅದೇ ನಾನೂ ಹೇಳ್ತಿರೋದು. ಸರಿ ಮಾಡಿದ್ದೆ!"

"ಯಾವಾಗ ಸರಿ ಮಾಡಿದ್ರಿ?" ಎಂದರು ಮಾಸ್ಟರಮ್ಮ. "ಹಡಗು ನಡೆಸ್ತಾ ಇದ್ದಾಗಲಾ?"

"ಮತ್ತೆ? ತಪ್ಪು ಕಣ್ಣಿಗೆ ಬೀಳೋದು ನಡೆಸುವಾಗಲೇ. ಒಂದು ಗುಂಡಿ ಒತ್ತಿದ್ರೆ ಅಲ್ಲೇ ದೀಪ ಬದಲಾಯಿಸಬಹುದು, ಪೀಪಾಯಿ ಎತ್ತಿಡಬಹುದು, ತಳ ಆಳ ಮಾಡಬಹುದು. ಮಾಡಿ ಸೇವ್ ಮಾಡ್ತಿದ್ದೆ. ಮಾರನೇ ದಿನ ಅಲ್ಲಿಂದಲೇ ಮುಂದುವರಿಸ್ತಿದ್ದೆ."

ಮಾಸ್ಟರಮ್ಮ ಫೋಲ್ಡರಿಗೆ ಮರಳಿ ತಾರೀಖಿನ ಸಾಲಿನ ಮೇಲೆ ಬೆರಳಿಟ್ಟರು. ಸೇವ್‌ಗಳು ನಾಲ್ಕು ವರ್ಷದ ಉದ್ದಕ್ಕೂ ಹರಡಿದ್ದವು, ಕೊನೆಯದು ನಿನ್ನೆಯದು. 'ಬಂದರು' ಸಿನಾರಿಯೋವನ್ನು ಕೊನೆಯ ಸಲ ಬದಲಿಸಿದ್ದು ನಾಲ್ಕು ವರ್ಷದ ಹಿಂದೆ.

"ನೋಡಿ. ಇದನ್ನ ಯಾರೂ ಕೆಡಿಸಿಲ್ಲ. ನಾಲ್ಕು ವರ್ಷದಿಂದ ಯಾರೂ ಮುಟ್ಟೇ ಇಲ್ಲ. ನೀವೂ ಮುಟ್ಟಿಲ್ಲ."

ಪೈಲಟ್ ತಾರೀಖನ್ನೇ ನೋಡುತ್ತ ಕೂತರು. ಮೈದುನ ಗಂಟಲು ಸರಿಪಡಿಸಿಕೊಂಡ.

"ಲೋ. ನೀನಲ್ಲ ಕಣೋ," ಎಂದರು ಪೈಲಟ್.

"ಅಷ್ಟೇನಾ?"

"ಇನ್ನೇನು, ಹಾರ ಹಾಕಲಾ?"

ಮಾಸ್ಟರಮ್ಮನಿಗೆ ಆಗ ವಿಷಯ ಕೈಗೆ ಸಿಕ್ಕಿತ್ತು. ಅವರ ಕೆಲಸದಲ್ಲೂ ಎರಡು ವಸ್ತುಗಳಿವೆ. ಒಂದು ಖಾಕಿ ಕಾಗದದ ಪ್ಯಾಟರ್ನ್. ಅದು ಯಾರ ಅಂಗಿಯೂ ಅಲ್ಲ. ಗೋಡೆಯ ಮೊಳೆಗೆ ನೇತುಹಾಕಿರುತ್ತದೆ, ಅದರಿಂದ ಎಷ್ಟು ಅಂಗಿ ಬೇಕಾದರೂ ಹುಟ್ಟುತ್ತವೆ. ಇನ್ನೊಂದು ಕಚ್ಚಾ ಹೊಲಿಗೆ ಹಾಕಿ ಟ್ರಯಲ್‌ಗೆ ಕೊಟ್ಟ ಅಂಗಿ. ಅದು ಒಬ್ಬನದ್ದು, ಅರ್ಧ ಕೆಲಸವಾದದ್ದು, ಪಿನ್ನು ಚುಚ್ಚಿದ್ದು. ಟ್ರಯಲ್‌ನಲ್ಲಿ ಕಂಕುಳು ಬಿಗಿಯೆಂದು ತಿಳಿದರೆ ಆ ಅಂಗಿಯನ್ನು ಬಿಚ್ಚಿ ಹೊಲಿದರೆ ಸಾಲದು. ಬಂದು ಕಾಗದದ ಮೇಲೂ ಗೆರೆ ತಿದ್ದಬೇಕು. ಇಲ್ಲದಿದ್ದರೆ ಮುಂದಿನ ಐವತ್ತು ಅಂಗಿಗಳ ಕಂಕುಳೂ ಬಿಗಿಯೇ.

ಸಿನಾರಿಯೋ ಆ ಕಾಗದ, ಸೇವ್ ಆ ಅಂಗಿ ಎಂದು ಹೇಳಿದಾಗ ಪೈಲಟ್ ತಲೆಯಾಡಿಸಿದರು. "ಆದ್ರೆ ನಮ್ಮ ಕೆಲಸದಲ್ಲಿ ನಕ್ಷೆ ಮುಟ್ಟೋ ಹಾಗಿಲ್ಲ ಕಣೆ. ನಕ್ಷೆ ಅಳತೆ ಆಫೀಸಿನವರದ್ದು. ಪೈಲಟ್ ಏನಾದ್ರೂ ಬದಲಾವಣೆ ಕಂಡ್ರೆ ತನ್ನ ಜೇಬಿನ ಪುಸ್ತಕದಲ್ಲಿ ಬರ್ಕೋಬೇಕು, ನಕ್ಷೆ ಮೇಲೆ ಪೆನ್ಸಿಲ್ ಇಟ್ರೆ ಕೆಲಸಾನೇ ಹೋಗುತ್ತೆ. ಆ ಅಭ್ಯಾಸ ನಂದು."

"ಇಲ್ಲಿ ಅಳತೆ ಆಫೀಸೂ ನೀವೇ."

"ಹೌದಲ್ವಾ," ಎಂದರು ಅವರು, ಯಾರೋ ಬಡ್ತಿ ಕೊಟ್ಟ ಹಾಗೆ.

ಮೈದುನನಿಗೆ ಇಷ್ಟೆಲ್ಲ ಸುತ್ತು ಬೇಕಿರಲಿಲ್ಲ. "ಅತ್ತಿಗೆ, ಸುಲಭದ ದಾರಿ ಹೇಳ್ಲಾ? ನಿನ್ನೆಯ ಸೇವ್ ತಗೊಂಡು ಅದರ ಬಾಲ ಬದಲಾಯಿಸಿ ಸಿನಾರಿಯೋ ಅಂತ ಬರೆದುಬಿಟ್ರಾಯ್ತು."

"ಲಂಗಕ್ಕೆ ಕೋಟು ಅಂತ ಚೀಟಿ ಅಂಟಿಸಿದ್ರೆ ತೋಳು ಬರುತ್ತೇನೋ?"

"ನೋಡೋಣ ಬಿಡಿ." ಅವನು ಒಂದು ಪ್ರತಿ ಮಾಡಿ ಬಾಲ ಬದಲಿಸಿಯೇ ಬಿಟ್ಟ. ಆಟ ಅದನ್ನು ಬಾಯಿಗೆ ಹಾಕಿಕೊಂಡು ತಕ್ಷಣ ಉಗಿಯಿತು: ಈ ಫೈಲನ್ನು ಓದಲಾಗುತ್ತಿಲ್ಲ. "ತೋಳು ಬರಲಿಲ್ಲ," ಎಂದು ಮೈದುನ ಒಪ್ಪಿಕೊಂಡ.

"ಹಾಗಾದ್ರೆ ಸೇವ್ ಫೈಲನ್ನೇ ಕೊಟ್ಟುಬಿಡ್ತೀನಿ," ಎಂದರು ಪೈಲಟ್. "ಅದ್ರಲ್ಲಿ ಎಲ್ಲಾ ಸರಿ ಇದೆ."

"ಕೊಟ್ರೆ ಕಲಿಯೋ ಮಕ್ಕಳು ಎಲ್ಲಿಂದ ಶುರು ಮಾಡ್ತಾರೆ? ಹನ್ನೊಂದೂ ನಲವತ್ತರಿಂದ. ಗೋಡೆ ದಾಟಿಸಿದ್ದು ನೀವು, ಟಗ್ ಕಟ್ಟಿಸಿದ್ದು ನೀವು. ನೀವು ಅರ್ಧ ಹೊಲಿದ ಅಂಗಿಗೆ ಅವರು ಗುಂಡಿ ಹಚ್ಚೋದಾ?"

ಪೈಲಟ್ ನಕ್ಕುಬಿಟ್ಟರು. "ಸರಿ ಮಾಸ್ಟರೇ. ಏನು ಮಾಡಬೇಕು ಹೇಳು."

ಆಟದಲ್ಲಿ ಎಡಿಟರ್ ಎಂದು ಒಂದು ಭಾಗವಿತ್ತು. ಸಿನಾರಿಯೋವನ್ನು ಅದರಲ್ಲೇ ತಿದ್ದಬೇಕು. ಆದರೆ ತಿದ್ದುಪಡಿಗಳೆಲ್ಲ ಒಂದೇ ಸೇವ್‌ನಲ್ಲಿರಲಿಲ್ಲ. ಪೈಲಟ್ ಕೆಲವೊಮ್ಮೆ ಹಳೆಯ ಸೇವ್‌ನಿಂದ ಹೊಸ ದಾರಿ ಹಿಡಿದಿದ್ದರು; ಒಂದರಲ್ಲಿ ದೀಪ ಸರಿಯಿದ್ದರೆ ಇನ್ನೊಂದರಲ್ಲಿ ಧಕ್ಕೆ ಸರಿ. ಮಾಸ್ಟರಮ್ಮ ಊಟದ ಮೇಜನ್ನು ಖಾಲಿ ಮಾಡಿಸಿ, ಅದರ ಮೇಲೆ ಅಷ್ಟುದ್ದಕ್ಕೂ ಖಾಕಿ ಕಾಗದ ಹಾಸಿ, ನಾಲ್ಕು ಮೂಲೆಗೆ ತೂಕದ ಕಲ್ಲಿಟ್ಟರು. ಪೈಲಟ್ ಪರದೆ ನೋಡಿ ಬಂದರಿನ ದಾರಿಯನ್ನು ಹೇಳುತ್ತ ಹೋದರು, ಅವರು ಗೆರೆ ಎಳೆಯುತ್ತ ಹೋದರು. ಆಮೇಲೆ ಒಂದೊಂದೇ ಸೇವ್. ಪೈಲಟ್‌ಗೆ ಫೈಲಿನ ಹೆಸರು ಅರ್ಥವಾಗದಿದ್ದರೂ ತೆರೆದ ತಕ್ಷಣ ಆ ದಿನ ನೆನಪಾಗುತ್ತಿತ್ತು. "ಇದು ಎಣ್ಣೆ ಹಡಗು, ಎಡಕ್ಕೆ ವಾಲ್ತಿತ್ತು, ಅವತ್ತು ಮೂರನೇ ಹಸಿರು ಪೀಪಾಯಿ ತಪ್ಪು ಅಂತ ಗೊತ್ತಾಯ್ತು." ಮಾಸ್ಟರಮ್ಮ ನೀಲಿ ಚಾಕಿನಲ್ಲಿ ಗುರುತು ಹಾಕುತ್ತಿದ್ದರು. ಮೈದುನ ನೋಡಿದ ಫೈಲಿನ ಹೆಸರಿಗೆ ಅಡ್ಡಗೆರೆ ಹಾಕುವ ಕೆಲಸವನ್ನು ತಾನೇ ವಹಿಸಿಕೊಂಡು, ಗುಮಾಸ್ತನ ಅಚ್ಚುಕಟ್ಟಿನಿಂದ ಪಟ್ಟಿ ಮಾಡಿದ.

ಸಂಜೆ ಏಳಕ್ಕೆ ಮಾಸ್ಟರಮ್ಮ ಚಾಕ್ ಕೆಳಗಿಟ್ಟರು. "ಇವತ್ತಿಗೆ ಸಾಕು. ಕಣ್ಣು ಸೋತಿದೆ."

"ಇನ್ನೊಂದು ಹತ್ತು ನೋಡೋಣ."

"ಸೋತ ಕಣ್ಣಲ್ಲಿ ಗುರುತು ಹಾಕಿದ್ರೆ ನಾಳೆ ಅದನ್ನ ಅಳಿಸೋ ಕೆಲಸ ಬೇರೆ."

ಭಾನುವಾರ ಮಧ್ಯಾಹ್ನದೊಳಗೆ ಎಲ್ಲ ಮುಗಿಯಿತು. ಕಾಗದದ ಮೇಲೆ ಹದಿನೇಳು ನೀಲಿ ಗುರುತುಗಳು. ಪೈಲಟ್ ಎಡಿಟರ್ ತೆರೆದು ಕೈ ಉಜ್ಜಿಕೊಂಡರು. "ಹದಿನೇಳೂ ಹಾಕಿಬಿಡೋಣ."

"ತಡೀರಿ," ಎಂದರು ಮಾಸ್ಟರಮ್ಮ. "ಟ್ರಯಲ್ ಕೊಟ್ಟವರು ಬಿಗಿ ಅಂದ್ರು ಅಂತ ನಾವು ಕಾಗದ ಕತ್ತರಿಸಲ್ಲ. ಟೇಪು ಹಿಡಿದು ನೋಡ್ತೀವಿ. ನಿಮ್ಮ ಜೇಬಿನ ಪುಸ್ತಕಗಳು ಎಲ್ಲಿ?"

ಅವು ಬೀರುವಿನ ಮೇಲಿದ್ದವು, ಇಪ್ಪತ್ತಾರು ವರ್ಷದವು, ದಾರ ಕಟ್ಟಿ. ಕೊನೆಯ ವರ್ಷದ್ದನ್ನು ಮೈದುನ ಇಳಿಸಿಕೊಟ್ಟ. ಗೋಡೆಯ ದೀಪದಿಂದ ಪ್ರತಿ ಪೀಪಾಯಿ ಎಷ್ಟು ದೂರ, ಎಲ್ಲಿ ಎಷ್ಟು ಆಳ ಎಂದು ಸಣ್ಣ ಅಕ್ಷರದಲ್ಲಿ ಬರೆದಿತ್ತು. ಮಾಸ್ಟರಮ್ಮ ಪುಸ್ತಕ ಓದಬೇಕು, ಪೈಲಟ್ ಸೇವ್‌ನಲ್ಲಿ ತಾವು ತಿದ್ದಿದ್ದನ್ನು ಪರದೆಯಲ್ಲಿ ಓದಬೇಕು, ತಾಳೆಯಾದರೆ ಎಡಿಟರಿಗೆ.

"ಗೋಧಿ ಧಕ್ಕೆ, ಆಳ ಹನ್ನೊಂದು ಮೀಟರು."

"ಹನ್ನೊಂದು."

"ಮೂರನೇ ಹಸಿರು ಪೀಪಾಯಿ. ಎರಡು ಸಾವಿರದ ಇನ್ನೂರು."

"ಇನ್ನೂರು. ಸರಿ."

ಹೀಗೇ ಸಾಗಿತು. ತಾಳೆಯಾದಾಗಲೆಲ್ಲ ಪೈಲಟ್ ಮೇಜಿಗೆ ಬೆರಳಿಂದ ಒಂದು ಪೆಟ್ಟು ಕೊಡುತ್ತಿದ್ದರು. ಹದಿನಾರು ಪೆಟ್ಟುಗಳಾದವು.

"ಎರಡನೇ ತಿರುವು, ಕೆಂಪು ಪೀಪಾಯಿ. ಸಾವಿರದ ಆರುನೂರ ಹತ್ತು."

ಪೆಟ್ಟು ಬೀಳಲಿಲ್ಲ. ಮಾಸ್ಟರಮ್ಮ ಮತ್ತೆ ಓದಿದರು.

"ಸರಿಯಾಗಿ ನೋಡಿ ಓದು."

"ಸರಿಯಾಗೇ ಓದಿದೀನಿ ರೀ. ಆರುನೂರ ಹತ್ತು."

"ಇಲ್ಲಿ ಆರುನೂರ ಐವತ್ತಿದೆ."

ಸಿನಾರಿಯೋದಲ್ಲಿ ನೋಡಿದರು. ಅದರಲ್ಲಿ ಸಾವಿರದ ಆರುನೂರ ಹತ್ತು. ನಾಲ್ಕು ವರ್ಷದ ಹಿಂದೆ ಕಟ್ಟುವಾಗ ಸರಿಯಾಗಿಯೇ ಇಟ್ಟಿದ್ದರು. ಆಮೇಲೆ ಯಾವುದೋ ಸೇವ್‌ನಲ್ಲಿ ಅದನ್ನು ನಲವತ್ತು ಮೀಟರು ಆಚೆ ಸರಿಸಿದ್ದರು.

"ಪುಸ್ತಕದಲ್ಲಿ ಬರೆದದ್ದೇ ತಪ್ಪಿರಬೇಕು ಬಿಡು ಅಣ್ಣಾ," ಎಂದ ಮೈದುನ, ಅಣ್ಣನ ಮುಖ ನೋಡಿ.

"ನಾನು ಪುಸ್ತಕದಲ್ಲಿ ಬರೆದದ್ದು ತಪ್ಪಲ್ಲ." ದನಿ ಸಣ್ಣದಾಗಿತ್ತು.

ಮಾಸ್ಟರಮ್ಮ ಮೈದುನನ ಕಡೆ ತಿರುಗಿದರು. "ಹಾಲು ಒಲೆ ಮೇಲಿಟ್ಟು ಬಂದಿದೀಯಾ ನೀನು?"

"ಇಲ್ಲವಲ್ಲ ಅತ್ತಿಗೆ."

"ಇಟ್ಟಿರ್ತೀಯ. ಹೋಗಿ ನೋಡು."

ಅವನು ಅವರ ಮುಖವನ್ನೂ ಅಣ್ಣನ ಬೆನ್ನನ್ನೂ ನೋಡಿ, "ಇಟ್ಟಿದ್ರೂ ಇಟ್ಟಿರಬಹುದು," ಎಂದು ಸದ್ದಿಲ್ಲದೆ ಎದ್ದುಹೋದ. ಹೇಳದೆ ಅರ್ಥಮಾಡಿಕೊಳ್ಳುವ ಇಂಥ ಗಳಿಗೆಗಾಗಿಯೇ ಮಾಸ್ಟರಮ್ಮ ಅವನ ಉಳಿದೆಲ್ಲ ತರಲೆಯನ್ನು ಸಹಿಸಿಕೊಂಡಿದ್ದರು.

"ಇಪ್ಪತ್ತಾರು ವರ್ಷ," ಎಂದರು ಪೈಲಟ್, "ಆ ತಿರುವಲ್ಲಿ ಒಂದು ಸಲಾನೂ ತಳ ತಾಗಿಸಿದವನಲ್ಲ. ಈ ಆಟದಲ್ಲಿ ಒಂಬತ್ತು ಸಲ ತಾಗಿಸಿದೆ. ಕಾಲಡಿ ಹಡಗು ಇಲ್ಲ ನೋಡು. ನೀರು ಎಳೆಯೋದು ಕಾಲಿಗೆ ಗೊತ್ತಾಗಬೇಕು, ಕಣ್ಣಿಗಲ್ಲ. ಒಂಬತ್ತನೇ ಸಲ ಕೂತಾಗ, ಮನೇಲಿ ಕೂತು ಆಟದಲ್ಲೂ ಸೋಲೋದಾ ಅನ್ನಿಸ್ತು. ಪೀಪಾಯಿ ಆಚೆ ಎತ್ತಿಟ್ಟೆ, ಅಲ್ಲಿ ತಳ ಒಂದಿಷ್ಟು ಆಳ ಮಾಡಿದೆ. ಆಮೇಲೆ ಬೆಣ್ಣೆ ಹಾಗೆ ದಾಟ್ತಿತ್ತು. ನಾನು ಮಾಡಿದ್ದು ಅನ್ನೋದೇ ಮರೆತುಹೋಯ್ತು."

"ನಿನ್ನೆ ಮರಳಿಗೆ ಕೂತಿದ್ದು ನಿಜವಾದ ತಿರುವಿನಲ್ಲಿ."

"ಹ್ಞೂಂ. ತಪ್ಪಿದ್ದು ಸಿನಾರಿಯೋ ಅಲ್ಲ."

ಮಾಸ್ಟರಮ್ಮ ಕಾಗದದ ಮೇಲಿನ ಹದಿನೇಳನೆಯ ಗುರುತನ್ನು ನೋಡಿದರು. "ನಮ್ಮಲ್ಲೂ ಇರುತ್ತೆ ಇದು. ಇಳಿ ಭುಜದವರು ಬಂದ್ರೆ ಅವರ ಅಂಗಿಗೆ ಭುಜದಲ್ಲಿ ಒಂದು ಪದರ ಬಟ್ಟೆ ಕೊಡ್ತೀವಿ. ಅದೇನು ತಪ್ಪು ಕೆಲಸ ಅಲ್ಲ, ಅವರಿಗೆ ಅದು ಬೇಕು. ಕಾಗದದ ಮೇಲೆ ಮಾತ್ರ ಹಾಕಲ್ಲ. ಹಾಕಿದ್ರೆ ನೆಟ್ಟಗಿರೋ ಭುಜದವರ ಅಂಗಿ ಎಲ್ಲಾ ಕೆಡುತ್ತೆ."

"ಇಲ್ಲಿ ಅಂಗಿ ಅಲ್ಲ ಕೆಡೋದು. ಆ ಮಕ್ಕಳು ನಾನು ಸರಿಸಿದ ಪೀಪಾಯಿ ನಂಬಿಕೊಂಡು ನಿಜವಾದ ಹಡಗು ತಂದ್ರೆ..." ಪೈಲಟ್ ಎದ್ದರು. ಒದ್ದೆ ಬಟ್ಟೆ ಎತ್ತಿಕೊಂಡು ಹದಿನೇಳನೆಯ ನೀಲಿ ಗುರುತನ್ನು ತಾವೇ ಒರೆಸಿದರು. ಆಮೇಲೆ ಹದಿನಾರನ್ನು ಎಡಿಟರಿನಲ್ಲಿ ಹಾಕಿ, ಪ್ರತಿಯೊಂದನ್ನೂ ಎರಡು ಸಲ ನೋಡಿ, ಸಿನಾರಿಯೋ ಎಂದೇ ಉಳಿಸಿದರು. ಬಾಲ ನೋಡಿದರು. ತಾರೀಖು ನೋಡಿದರು. ಇವತ್ತಿನದು.

ಆ ಸಂಜೆ ಹೊಸ ಸಿನಾರಿಯೋ ತೆರೆದು ಆರು ಸಲ ಹಡಗು ತಂದರು. ದೀಪ ಸರಿ, ಧಕ್ಕೆ ಸರಿ. ಆರು ಸಲವೂ ಎರಡನೆಯ ತಿರುವಿನಲ್ಲಿ ಮರಳಿಗೆ ಕೂತರು.

"ನಾಳೆ ಅವಳೆದುರಿಗೂ ಕೂತ್ರೆ?" ಎಂದರು ಪೈಲಟ್. "ಏನಂದ್ಕೋತಾಳೆ? ಇಂಥವನನ್ನ ಕಲಿಸೋಕೆ ಕರೀತಾಳಾ? ಆ ಪೀಪಾಯಿ ಒಂದು ಹತ್ತು ಮೀಟರು ಸರಿಸಿದ್ರೆ ಯಾರಿಗೂ ಗೊತ್ತಾಗಲ್ಲ ಕಣೆ."

"ನಿಮಗೆ ಗೊತ್ತಿರುತ್ತಲ್ಲ."

ಪೈಲಟ್ ಮೌಸ್‌ನಿಂದ ಕೈ ತೆಗೆದರು. "ಹೋಗ್ಲಿ ಬಿಡು. ಇದ್ದ ಹಾಗೇ ಇರ್ಲಿ," ಎಂದು ಕಂಪ್ಯೂಟರ್ ಆರಿಸಿದರು.

ಸೋಮವಾರ ಬೆಳಿಗ್ಗೆ ಮಾಸ್ಟರಮ್ಮ ತಡವಾಗಿ ಬರುತ್ತೇನೆಂದು ಕಾರ್ಖಾನೆಗೆ ಫೋನು ಮಾಡಿದಾಗ, ಇಸ್ತ್ರಿ ಮಾಡುವಾಕೆ, "ಹನ್ನೊಂದಕ್ಕೆ ಬನ್ನಿ ಅಮ್ಮಾ, ಬಟ್ಟೆ ನಾನು ಹಾಸಿಟ್ಟಿರ್ತೀನಿ. ಕಾರಣ ಏನೂ ಹೇಳಬೇಡಿ, ನಾನೇ ಒಂದು ಒಳ್ಳೇದು ಹೇಳ್ತೀನಿ," ಎಂದಳು.

ಮೇಡಮ್ ಹತ್ತಕ್ಕೆ ಸರಿಯಾಗಿ ಬಂದರು. ಬಿಸಿಲಿಗೆ ಕಂದಿದ ಮುಖ, ಗಂಡಸರ ತರಹದ ಗಡಿಯಾರ. "ಅಕ್ಕಾ, ಹೇಗಿದೀರಿ?" ಎಂದು ಕೇಳಿ, ಪೈಲಟ್ ಏಳುವ ಮೊದಲೇ ಅವರ ಪಕ್ಕದ ಕುರ್ಚಿಯಲ್ಲಿ ಕೂತುಬಿಟ್ಟರು, ಅವರು ಏಳುವ ಕಷ್ಟವೇ ಬರಲಿಲ್ಲ. ಬಾಗಿಲಲ್ಲಿ ಇಣುಕಿದ ಮೈದುನನನ್ನು ಮಾಸ್ಟರಮ್ಮ ಕಣ್ಣಲ್ಲೇ ಕೆಳಗೆ ಕಳಿಸಿದರು.

ಮೇಡಮ್ ಮೊದಲು ಎಡಿಟರಿನಲ್ಲಿ ಬಂದರನ್ನು ಅಳೆದರು. ಜೇಬಿನಿಂದ ತಮ್ಮದೇ ಒಂದು ಸಣ್ಣ ಪುಸ್ತಕ ತೆಗೆದು ಒಂದೊಂದಾಗಿ ತಾಳೆ ನೋಡಿದರು. ಎರಡನೆಯ ತಿರುವಿಗೆ ಬಂದಾಗ ಮಾಸ್ಟರಮ್ಮ ಒಂದು ಹೆಜ್ಜೆ ಹತ್ತಿರ ಬಂದರು.

"ಸಾವಿರದ ಆರುನೂರ ಹತ್ತು," ಎಂದು ಮೇಡಮ್ ತಮಗೆ ತಾವೇ ಹೇಳಿಕೊಂಡು ಪುಸ್ತಕ ಮುಚ್ಚಿದರು. "ಸರ್, ಒಂದು ಹಡಗು ತಂದು ತೋರಿಸಿ. ಮೊದಲಿಂದ."

ಪೈಲಟ್ ಸಿನಾರಿಯೋ ತೆರೆದರು. ಎಂಟು ಗಂಟೆ. ಗೋಡೆ ದಾಟಿಸಿದರು, ಟಗ್ ಕಟ್ಟಿಸಿದರು, ಮೊದಲ ತಿರುವು ನೀಟಾಗಿ ತೆಗೆದರು. ಎರಡನೆಯ ತಿರುವಿನಲ್ಲಿ ಹಡಗು ಬೇಕಾದ್ದಕ್ಕಿಂತ ಒಂದು ಗಳಿಗೆ ತಡವಾಗಿ ಹೊರಳಿ, ಹಿಂಬದಿ ಜಾರಿ, ಮರಳಿಗೆ ಕೂತಿತು.

ಪೈಲಟ್ ಮೌಸ್‌ನಿಂದ ಕೈ ತೆಗೆದು ತೊಡೆಯ ಮೇಲಿಟ್ಟುಕೊಂಡರು.

"ನೆನ್ನೆ ಆರು ಸಲ ಕೂತೆ," ಎಂದರು. "ಇವತ್ತಿಂದು ಸೇರಿ ಏಳು. ನಾಲ್ಕು ವರ್ಷ ಇದನ್ನ ಸುಲಭ ಮಾಡ್ಕೊಂಡು ಆಡ್ತಿದ್ದೆ. ಪೀಪಾಯಿ ಸರಿಸಿದ್ದೆ. ನೆನ್ನೆ ವಾಪಸ್ ಇದ್ದಲ್ಲಿಗೇ ಬಿಟ್ಟೆ. ನಿಂಗೆ ಹೇಳ್ಬೇಕು ಅನ್ನಿಸ್ತು."

ಮೇಡಮ್ ಮೌಸ್ ತಮ್ಮ ಕಡೆ ಎಳೆದುಕೊಂಡರು. ಮತ್ತೆ ಮೊದಲಿಂದ ತೆರೆದರು. ಮೊದಲ ತಿರುವಿನವರೆಗೆ ಚೆನ್ನಾಗಿಯೇ ತಂದರು. ಎರಡನೆಯದರಲ್ಲಿ ಹೋಗಿ ಕೂತರು, ಪೈಲಟ್‌ಗಿಂತ ಇಪ್ಪತ್ತು ಮೀಟರು ಮುಂಚೆಯೇ.

"ಅಯ್ಯೋ," ಎಂದರು ಮೇಡಮ್, ಆಮೇಲೆ ಜೋರಾಗಿ ನಕ್ಕರು. "ಸರ್, ಹೋದ ತಿಂಗಳು ಆ ಸಿದ್ಧ ಬಂದರು ನೋಡಿದೆ. ಕಣ್ಣು ಮುಚ್ಚಿಕೊಂಡು ತಂದರೂ ಧಕ್ಕೆಗೆ ಬರುತ್ತೆ. ಅಂಥದ್ರಲ್ಲಿ ಕಲಿತ ಮಕ್ಕಳನ್ನ ನಾನು ಹಡಗು ಹತ್ತಿಸಲ್ಲ. ಇದು ಬೇಕು ನನಗೆ. ಅವರು ಇಲ್ಲಿ ಕೂರಬೇಕು, ಮತ್ತೆ ಎಂಟು ಗಂಟೆಯಿಂದ ಬರಬೇಕು, ಮತ್ತೆ ಕೂರಬೇಕು. ಪಕ್ಕದಲ್ಲಿ ಕೂತು ಯಾಕೆ ಅಂತ ಹೇಳೋಕೆ, ಯಾಕೆ ಅಂತ ಗೊತ್ತಿರೋರು ಬೇಕು. ಗುರುವಾರ ಆರು ಜನ ಬರ್ತಾರೆ. ನೀವು ಬರ್ತೀರಾ?"

"ಕೂತವನು ಕಲಿಸಬಹುದಾ?"

"ಎಲ್ಲಿ ಕೂರ್ತೀವಿ ಅಂತ ಮೀಟರು ಲೆಕ್ಕದಲ್ಲಿ ಗೊತ್ತಿರೋರು ನೀವೊಬ್ಬರೇ."

ಪೈಲಟ್ ಹೆಂಡತಿಯ ಕಡೆ ನೋಡಿದರು. ಮಾಸ್ಟರಮ್ಮ ಕನ್ನಡಕ ತೆಗೆದು ಒರೆಸುತ್ತಿದ್ದರು; ಅದು ಶುಭ್ರವಾಗಿಯೇ ಇತ್ತು.

"ಇನ್ನೊಂದು," ಎಂದರು ಮೇಡಮ್. "ಸಿನಾರಿಯೋ ಒಂದೇ ಸಾಲದು. ಎರಡನೇ ವಾರ ಅವರನ್ನ ನೇರವಾಗಿ ಈ ತಿರುವಿನ ಬಾಯಿಗೇ ತಂದು ನಿಲ್ಲಿಸಬೇಕು. ಅದಕ್ಕೆ ಒಂದು ಸೇವ್ ಬೇಕು. ಇದೆಯಾ?"

"ನೂರ ಎಂಬತ್ತನಾಲ್ಕಿವೆ," ಎಂದರು ಪೈಲಟ್. "ಒಂದೂ ಬರಲ್ಲ. ಪೀಪಾಯಿ ಸರಿಸಿದ್ದು ಯಾವ್ಯಾವುದರಲ್ಲಿ ಇದೆಯೋ ಗೊತ್ತಿಲ್ಲ. ಹೊಸದು ಮಾಡ್ತೀನಿ." ಅವರು ಕುರ್ಚಿ ಮುಂದೆ ಎಳೆದುಕೊಂಡರು. ಬೆನ್ನು ನೆಟ್ಟಗಾಯಿತು. "ನೀನು ಗಾಳಿ ಎಲ್ಲಿಂದ ಬೇಕು ಹೇಳು."

"ಪಡುವಲಿಂದ. ಮಧ್ಯಮ."

ಎಂಟು ಗಂಟೆ. ಹಡಗು ಗೋಡೆಯ ಹೊರಗಿಂದ ಹೊರಟಿತು. ಮಾಸ್ಟರಮ್ಮ ಚೀಲ ತೆಗೆದುಕೊಂಡರು. ಹತ್ತೂ ಮುಕ್ಕಾಲಾಗಿತ್ತು, ಹಾಸಿದ ಬಟ್ಟೆ ಕಾಯುತ್ತಿತ್ತು. ಹೊರಡುವ ಮುನ್ನ ಪರದೆ ನೋಡಿದರು. ಪೈಲಟ್ ತಿರುವಿನ ಮುಂಚೆ ಹಡಗು ನಿಲ್ಲಿಸಿ, ಒಂದೊಂದೇ ಅಕ್ಷರ ಒತ್ತಿ ಹೆಸರು ಬರೆಯುತ್ತಿದ್ದರು: 'ಎರಡನೇ ತಿರುವಿಗೆ ಮುಂಚೆ, ಪಡುವಣ ಗಾಳಿ, ಟಗ್ ಒಂದು.' ಇದಕ್ಕಿಂತ ಅಚ್ಚುಕಟ್ಟಾದ ಚೀಟಿಯನ್ನು ತಮ್ಮ ಕಾರ್ಖಾನೆಯಲ್ಲೂ ಅವರು ಕಂಡಿರಲಿಲ್ಲ.

ಕೆಳಗೆ ಮೈದುನ ಮೆಟ್ಟಿಲ ಬುಡದಲ್ಲೇ ನಿಂತಿದ್ದ, ಕಿವಿಯನ್ನೆಲ್ಲ ಮೇಲಿಟ್ಟು.

"ಅತ್ತಿಗೆ, ಏನಾಯ್ತು? ತಿರುವು ದಾಟಿತಾ?"

"ಇಲ್ಲ. ಇಬ್ಬರೂ ಮರಳಿಗೆ ಕೂತರು."

"ಅಯ್ಯೋ ಪಾಪ!"

"ಪಾಪ ಏನು ಬಂತು? ಗುರುವಾರದಿಂದ ನಿಮ್ಮಣ್ಣ ಕೆಲಸಕ್ಕೆ ಹೋಗ್ತಾರೆ," ಎಂದು ಹೇಳಿ ಮಾಸ್ಟರಮ್ಮ ಬೀದಿಗಿಳಿದರು.